ನಲವತ್ತೆರಡರ ಬಿಲ್ಲೆ

6 ಜನವರಿ 2016

ದೊಡ್ಡಪ್ಪನಿಗೆ ನಮಸ್ಕಾರ.

ಅಪ್ಪ ಹೋಗಿ ಇವತ್ತಿಗೆ ಹನ್ನೆರಡು ದಿನ. ನೀವು ಬರಲಿಲ್ಲ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲವೆಂದು ನಿಮ್ಮ ಕಾಲೇಜಿನ ಆಫೀಸಿಗೆ ಹೇಳಿದ್ದೆ. "ಚೀಟಿ ಬರೆದು ಅವರ ಕೈಗೇ ಕೊಟ್ಟಿದೀವಮ್ಮ" ಅಂದರು. ಸಿಕ್ಕಿರಬೇಕು.

ಬೇಜಾರಿಲ್ಲ. ನನಗೆ ಈಗ ಯಾವುದೂ ಬೇಜಾರು ಅನ್ನಿಸುತ್ತಿಲ್ಲ. ಬೆಳಿಗ್ಗೆ ಏಳುತ್ತೇನೆ, ನಕ್ಷೆ ಕಚೇರಿಗೆ ಹೋಗುತ್ತೇನೆ, ಬೆಳಕಿನ ಮೇಜಿನ ಮೇಲೆ ಕಾಗದ ಹಾಸಿ ಯಾರದೋ ಹೊಲದ ಗಡಿಗೆರೆ ಎಳೆಯುತ್ತೇನೆ, ಮನೆಗೆ ಬರುತ್ತೇನೆ. ಪಕ್ಕದ ಮನೆಯವರು ಬಂದು "ಒಂದ್ಸಲ ಅತ್ತುಬಿಡು, ಹಗುರಾಗುತ್ತೆ" ಅಂದರು. ಅವರ ಮುಂದೆ ಕೂತು ಪ್ರಯತ್ನಪಟ್ಟೆ. ಆಗಲಿಲ್ಲ. ಆಮೇಲೆ ಅವರೇ ಅತ್ತು, ಕಾಫಿ ಕುಡಿದು ಹೋದರು.

ಆಮ್ಲಜನಕದ ಯಂತ್ರವನ್ನು ಆಸ್ಪತ್ರೆಗೆ ವಾಪಸ್ ಕೊಟ್ಟೆ. ಆಗ ಲೇಡಿ ಡಾಕ್ಟರು ನನ್ನನ್ನು ಕೂರಿಸಿಕೊಂಡು ಒಂದು ವಿಷಯ ಕೇಳಿದರು. "ನಿಮ್ಮಪ್ಪ ದಿನಕ್ಕೆ ಎಷ್ಟು ಸೇದೋರು?" ಮೂರು, ಹೆಚ್ಚೆಂದರೆ ನಾಲ್ಕು ಅಂದೆ. "ನಲವತ್ತೆಂಟು ವರ್ಷಕ್ಕೆ, ನಾಲ್ಕು ಸಿಗರೇಟಿಗೆ ಶ್ವಾಸಕೋಶ ಈ ಗತಿಗೆ ಬರಬಾರದು" ಅಂದರು. ನಿಮ್ಮ ವಿಷಯ ಹೇಳಿದೆ. ನಮ್ಮ ದೊಡ್ಡಪ್ಪ ದಿನಕ್ಕೆ ಒಂದು ಪ್ಯಾಕು ಮುಗಿಸುತ್ತಾರೆ, ಐವತ್ತೈದಾಯಿತು, ಈಗಲೂ ಕಾಲೇಜಿನಲ್ಲಿ ಗಾಜು ಊದುತ್ತಾರೆ, ಕೆಮ್ಮೂ ಇಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟರು.

ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಇದು: ಒಂದೇ ಹೊಗೆ ಎಲ್ಲರನ್ನೂ ಒಂದೇ ಥರ ಸುಡುವುದಿಲ್ಲ. ಶ್ವಾಸಕೋಶವನ್ನು ಕಾಯುವ ಒಂದು ಪದಾರ್ಥ ರಕ್ತದಲ್ಲಿ ಇರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅದು ಕಡಿಮೆ. ತಾಯಿತಂದೆಯಿಂದ ಬರುವ ಜೀನಿನ ದೋಷ. ಅಂಥವರು ಸೇದಿದರೆ ಮೂವತ್ತು ದಾಟುವಾಗಲೇ ಉಸಿರು ವರ್ಷವರ್ಷಕ್ಕೆ ಇಳಿಯುತ್ತ ಬರುತ್ತದೆ. ಅಪ್ಪನದು ಹಾಗೆ ಮೆಲ್ಲಗೆ ಇಳಿದಿದ್ದರೆ ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಬೇಕಂತೆ. ಒಮ್ಮೆಲೇ ಬಿದ್ದಿದ್ದರೆ ಅದು ಬೇರೆ ಕಾಯಿಲೆ, ನನಗೆ ಚಿಂತೆಯಿಲ್ಲ. ಗಾಜಿನ ಕಾರ್ಖಾನೆಯಲ್ಲಿ ವರ್ಷವರ್ಷ ಎದೆ ಪರೀಕ್ಷೆ ಮಾಡುತ್ತಿದ್ದರಲ್ಲ, ಆ ಕಾಗದ ತರಲು ಹೇಳಿದ್ದಾರೆ. ನಿಮಗೇನಾದರೂ ನೆನಪಿದ್ದರೆ ಬರೆಯಿರಿ.

ಅಪ್ಪನ ಪೆಟ್ಟಿಗೆಯಲ್ಲಿ ಕಾರ್ಖಾನೆಯ ಹಿತ್ತಾಳೆ ಬಿಲ್ಲೆ ಸಿಕ್ಕಿತು. ಅದರ ಮೇಲೆ 41 ಎಂದಿದೆ. ಅದು ನಿಮ್ಮ ನಂಬರಲ್ಲವೇ? ಅಪ್ಪನದು 42. ನಿಮ್ಮ ನೆನಪಿಗೆ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ.

ನಿಮ್ಮ
ಗುಬ್ಬಿ


29 ಜನವರಿ 2016

ಗುಬ್ಬಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಪತ್ರ ಬಂದು ಎರಡು ವಾರವಾಯಿತು. ನನ್ನ ಅಕ್ಷರ ನಿನಗೆ ಗೊತ್ತೇ ಇದೆ, ಕೋಳಿ ಕೆದಕಿದ ಹಾಗೆ. ಅದಕ್ಕೇ ತಡ.

ಬರಲಿಲ್ಲ, ತಪ್ಪು. ಮಂಡಿ ನೋವು ಅಂತ ಬರೆಯೋಣ ಎಂದುಕೊಂಡೆ. ಮಂಡಿ ನೋವು ಇದೆ, ಆದರೆ ಅಷ್ಟೊಂದಿಲ್ಲ. ಚೀಟಿ ಕೈಗೆ ಬಂದಾಗ ಕೊಳವೆಯ ತುದಿಯಲ್ಲಿ ಬಿಸಿ ಗಾಜಿತ್ತು. ಅದನ್ನು ಮುಗಿಸಿದೆ. ಆಮೇಲೆ ಇನ್ನೊಂದು ತೆಗೆದುಕೊಂಡೆ. ಆ ದಿನ ಹದಿನೇಳು ಫ್ಲಾಸ್ಕು ಊದಿದೆ. ಅಷ್ಟು ಯಾರೂ ಕೇಳಿರಲಿಲ್ಲ. ಲ್ಯಾಬಿನ ಮೇಷ್ಟ್ರು ಬಂದು "ಏನಪ್ಪಾ ಇದು, ಅಂಗಡಿ ಇಡ್ತೀಯಾ?" ಅಂದರು.

ಹಳೇ ಕಾಗದದ ವಿಷಯ. ಅವನ್ನೆಲ್ಲ ಯಾಕೆ ಕೆದಕುತ್ತೀಯ ಮಗಳೇ? ಹೋದವನು ಹೋದ. ಉಸಿರು ಊದಿಸಿ ಅಳೆಯುವ ಕಾರ್ಖಾನೆಯ ಆ ಯಂತ್ರಕ್ಕೂ ವಯಸ್ಸಾಗಿತ್ತು. ಊದಿಸುತ್ತಿದ್ದ ಕಂಪೌಂಡರ್ ಇದ್ದನಲ್ಲ, ನಾವು ಸೋಡಾಬುಡ್ಡಿ ಅನ್ನುತ್ತಿದ್ದೆವು, ಅವನ ಕನ್ನಡಕ ಅಷ್ಟು ದಪ್ಪ. ಬಾಗಿಲು ಯಾವುದು, ಗೋಡೆ ಯಾವುದು ಗೊತ್ತಾಗುತ್ತಿರಲಿಲ್ಲ ಅವನಿಗೆ. ಅವನು ಬರೆದಿಟ್ಟ ಅಂಕೆ ನಂಬಿ ಡಾಕ್ಟರು ಏನು ಹೇಳಬಲ್ಲರು? ಬೇಕಾದರೆ ರಕ್ತ ಪರೀಕ್ಷೆ ಮಾಡಿಸಿಬಿಡು. ಕಾಗದದ ಗೋಜು ಬೇಡ.

ಬಿಲ್ಲೆ ನಿನ್ನ ಹತ್ತಿರವೇ ಇರಲಿ.

ಹೊತ್ತಿಗೆ ಸರಿಯಾಗಿ ಉಣ್ಣು.

ದೊಡ್ಡಪ್ಪ


10 ಫೆಬ್ರವರಿ 2016

ದೊಡ್ಡಪ್ಪನಿಗೆ,

ನೀವು ಬೇಡ ಅನ್ನುವ ಮೊದಲೇ ಕಾಗದ ತಂದಾಗಿತ್ತು. ಕಾರ್ಖಾನೆಯ ಗುಮಾಸ್ತರು ಒಳ್ಳೆಯವರು. ನಿಮ್ಮಿಬ್ಬರ ಫೈಲೂ ಒಂದೇ ದಾರದಲ್ಲಿ ಕಟ್ಟಿತ್ತು. "ಅಣ್ಣ ತಮ್ಮಂದಿರದು ಬಿಚ್ಚೋದು ಯಾಕೆ, ಎರಡೂ ತಗೊಂಡ್ ಹೋಗಮ್ಮ" ಅಂದರು.

ಒಳ್ಳೆಯ ಸುದ್ದಿ. ಅಪ್ಪನ ಉಸಿರಿನ ಅಂಕೆ ಹನ್ನೊಂದು ವರ್ಷ ಒಂದೇ ಸಮ: ತೊಂಬತ್ತಾರು, ತೊಂಬತ್ತೇಳು, ತೊಂಬತ್ತೈದು. ನೂರಕ್ಕೆ. ಆಮೇಲೆ 2014ರಲ್ಲಿ ಒಮ್ಮೆಲೇ ಇಪ್ಪತ್ತೊಂಬತ್ತು. ಡಾಕ್ಟರು ಬಹಳ ಹೊತ್ತು ನೋಡಿದರು. "ಹಾಗಾದ್ರೆ ಇದು ಮನೆತನದ್ದಲ್ಲ. ಆ ವರ್ಷ ಏನೋ ಆಗಿದೆ, ಸೋಂಕೋ, ಕಾರ್ಖಾನೆ ಧೂಳೋ. ನಿಮಗೆ ಪರೀಕ್ಷೆ ಬೇಕಾಗಿಲ್ಲ" ಅಂದರು. ರಕ್ತದ ಮಾದರಿ ಬೇರೆ ಊರಿಗೆ ಕಳಿಸಬೇಕು, ತಿಂಗಳುಗಟ್ಟಲೆ ಕಾಯಬೇಕು, ಅದೆಲ್ಲ ತಪ್ಪಿತು.

ಆ ವರ್ಷ ಏನಾಯಿತು ಅಂತ ನನಗೆ ಗೊತ್ತು. ನೀವು ಕಾರ್ಖಾನೆ ಬಿಟ್ಟು ಆ ಕಾಲೇಜಿಗೆ ಹೋದ ವರ್ಷ ಅದು. ನಿಮ್ಮನ್ನು ಅಷ್ಟು ಹಚ್ಚಿಕೊಂಡಿದ್ದರು. ಡಾಕ್ಟರಿಗೆ ಇದನ್ನು ಹೇಳಲಿಲ್ಲ, ನಗುತ್ತಾರೆ.

ಇನ್ನೊಂದು ನೋಡಿದೆ. ಯಂತ್ರದ ಪೆನ್ನು ಎಳೆದ ಉಸಿರಿನ ಗೆರೆ ಪ್ರತಿ ಕಾಗದದಲ್ಲೂ ಇದೆ. ಕಚೇರಿಯ ಬೆಳಕಿನ ಮೇಜಿನ ಮೇಲೆ ನಿಮ್ಮ ಗೆರೆಯ ಮೇಲೆ ಅಪ್ಪನ ಗೆರೆ ಇಟ್ಟೆ. ಒಂದೇ, ದೊಡ್ಡಪ್ಪ. ಏರುವುದೂ ಒಂದೇ, ಇಳಿಯುವುದೂ ಒಂದೇ. ಕೊನೆಗೆ ಒಂದು ಕಡೆ ಉಸಿರು ಚೂರು ನಿಂತು ಮತ್ತೆ ಹೋಗುತ್ತದೆ. ಫ್ಲಾಸ್ಕಿನ ಕುತ್ತಿಗೆ ತೆಳುವಾಗಬಾರದು ಅಂತ ಕೊನೆಯಲ್ಲಿ ಒಂದು ಚಿಟಿಕೆ ಹೊತ್ತು ಉಸಿರು ತಡೆಯಬೇಕು ಅಂತ ನೀವು ನನಗೆ ತೋರಿಸಿದ್ದಿರಿ. ಅದೇ ತಡೆ. ಹನ್ನೊಂದು ವರ್ಷವೂ, ಇಬ್ಬರದೂ. ಒಂದೇ ಕುಲುಮೆಯಲ್ಲಿ ಕಲಿತ ಅಣ್ಣ ತಮ್ಮ ಅಂದರೆ ಹೀಗೆ ಅಂದುಕೊಂಡೆ. ಅಪ್ಪ ಹೋದಮೇಲೆ ಅವತ್ತು ಮೊದಲ ಸಲ ನಗು ಬಂತು.

ಈಗ ಒಂದು ತಪ್ಪೊಪ್ಪಿಗೆ. ನಾನೂ ಸೇದುತ್ತೇನೆ. ಐದು ವರ್ಷವಾಯಿತು. ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಆರು ಜನ ಸೇರುತ್ತೇವೆ, ನಾನೊಬ್ಬಳೇ ಹೆಂಗಸು. ದಿನಕ್ಕೆ ಆರು ಆಗುತ್ತಿತ್ತು, ಅಪ್ಪ ಹೋದಮೇಲೆ ಹತ್ತಾಗಿದೆ. ಡಾಕ್ಟರಿಗೂ ಹೇಳಿರಲಿಲ್ಲ. ಅಪ್ಪನ ಹಾಗೆ ಆಗಿಬಿಟ್ಟರೆ ಅಂತ ಒಳಗೊಳಗೇ ಹೆದರಿದ್ದೆ. ಈಗ ಆ ಹೆದರಿಕೆ ಹೋಯಿತು. ನಿಮ್ಮದೇ ಎದೆ ನಮ್ಮ ಮನೆಯವರಿಗೆಲ್ಲ. ಮೂರನೇ ಮಹಡಿ ಹತ್ತುವಾಗ ಒಮ್ಮೆ ನಿಲ್ಲುತ್ತೇನೆ, ಅದು ನಿದ್ದೆಗೆಟ್ಟಿದ್ದಕ್ಕೆ.

ಬೈಯಬೇಡಿ. ಬೈಯುವ ಬಾಯಿಯಲ್ಲಿ ಮೊದಲು ಸಿಗರೇಟು ಇರಬಾರದು ನೋಡಿ.

ಗುಬ್ಬಿ


20 ಮಾರ್ಚ್ 2016

ದೊಡ್ಡಪ್ಪ,

ಪತ್ರ ಇಲ್ಲ. ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ದಿನಾ ಬರುತ್ತೀರಿ, ಚೆನ್ನಾಗಿದ್ದೀರಿ ಅಂದರು. ನಾನು ಸೇದುವುದು ಕೇಳಿ ಮುನಿಸಿಕೊಂಡಿರಿ ಅಂತ ಕಾಣುತ್ತದೆ. ಅಪ್ಪನಿಗೆ ಮೊದಲ ಸಿಗರೇಟು ಕೊಟ್ಟವರು ನೀವೇ ಅಂತ ಅಪ್ಪನೇ ಹೇಳುತ್ತಿದ್ದರು, ಬೇಜಾರಿನಿಂದ ಅಲ್ಲ, ನಗುತ್ತ. ಆಮೇಲೆ ಕೆಮ್ಮು ಬಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಮುನಿಸಿದ್ದರೆ ಮುನಿಸೇ ಬರೆದು ಕಳಿಸಿ. ಖಾಲಿ ಅಂಚೆ ಡಬ್ಬ ನೋಡುವುದು ಕಷ್ಟ.

ಗುಬ್ಬಿ


4 ಏಪ್ರಿಲ್ 2016

ಗುಬ್ಬಿ,

ಇದನ್ನು ಕೂತು ಓದು. ಓದಿದ ಕೂಡಲೇ ಡಾಕ್ಟರ ಹತ್ತಿರ ಹೋಗು.

ನಿನ್ನ ಮೇಜಿನ ಮೇಲೆ ಎರಡು ಗೆರೆ ಒಂದೇ ಥರ ಬಂದವಲ್ಲ, ಅವೆರಡೂ ನನ್ನವು. ಹನ್ನೊಂದು ವರ್ಷ ನಿಮ್ಮಪ್ಪನ ಬದಲಿಗೆ ನಾನು ಊದಿದೆ.

ಹೇಗೆ ಅಂತ ಹೇಳುತ್ತೇನೆ. ಎಪ್ಪತ್ತಕ್ಕಿಂತ ಕಡಿಮೆ ಬಂದವನನ್ನು ಗಾಜು ಊದುವ ಕೆಲಸದಿಂದ ತೆಗೆದು ಪ್ಯಾಕಿಂಗ್ ಕೋಣೆಗೆ ಹಾಕುತ್ತಿದ್ದರು. ಅಲ್ಲಿ ಇನ್ನೊಬ್ಬರು ಊದಿದ ಗಾಜಿಗೆ ಕಾಗದ ಸುತ್ತುವ ಕೆಲಸ. ಪರೀಕ್ಷೆ ಶುರುವಾದದ್ದು 2003ರಲ್ಲಿ. ಆ ದಿನ ಬೆಳಿಗ್ಗೆ ನಿಮ್ಮಪ್ಪ ಊದಿದಾಗ ಅರವತ್ತೆರಡು ಬಂತು. ಆಗ ಅವನಿಗೆ ಮೂವತ್ತಾರು ವರ್ಷ. ಸೋಡಾಬುಡ್ಡಿಗೆ ಅವನ ಮೇಲೆ ಕನಿಕರ. "ನೆಗಡಿ ಇರ್ಬೇಕು, ಬರ್ಕೊಳಲ್ಲ, ಸಂಜೆ ಬಾ" ಅಂದ. ಸಂಜೆ ಅವನ 42ರ ಬಿಲ್ಲೆ ಸಿಗಿಸಿಕೊಂಡು ನಾನು ಹೋದೆ. ಎಲ್ಲರಿಗೂ ಅದೇ ನೀಲಿ ಅಂಗಿ, ಮುಖದಲ್ಲಿ ನಮ್ಮಿಬ್ಬರಿಗೆ ಹೆಚ್ಚು ವ್ಯತ್ಯಾಸವಿಲ್ಲ. ಅವನು ಬಿಲ್ಲೆ ಮುಟ್ಟಿ ನಂಬರ್ ಬರೆದುಕೊಂಡ. "ಊದು, ಊದು, ಇನ್ನೂ, ಇನ್ನೂ" ಅಂದ. ತೊಂಬತ್ತಾರು ಬಂತು. "ನೋಡು, ನಾನ್ ಹೇಳ್ಲಿಲ್ವಾ?" ಅಂತ ಬೆನ್ನು ತಟ್ಟಿದ.

ನಿಮ್ಮಪ್ಪ ಕೈ ಮುಗಿದು ಕೇಳಿಕೊಂಡಿದ್ದ. ಇಲ್ಲ ಅನ್ನಲಾಗಲಿಲ್ಲ. ಆಮೇಲೆ ಅದು ವರ್ಷಕ್ಕೊಂದು ದಿನದ ಅಭ್ಯಾಸವಾಯಿತು. ಬೆಳಿಗ್ಗೆ 41, ಸಂಜೆ 42. ಮತ್ತೆ ಬಿಲ್ಲೆ ಅದಲುಬದಲು. ಕೊನೆಯ ವರ್ಷ ಅದಲುಬದಲು ಮಾಡುವುದು ಮರೆತು ನಾನು ಈ ಊರಿಗೆ ಹೊರಟುಬಂದೆ. ನಿಮ್ಮಪ್ಪ ಕಳೆದುಹೋಯಿತೆಂದು ಹೇಳಿ ಬೇರೆ ಬಿಲ್ಲೆ ತೆಗೆದುಕೊಂಡನಂತೆ. ಅವನ ಹಳೆಯ 42 ನನ್ನ ಹತ್ತಿರ ಇದೆ.

2014ರಲ್ಲಿ ಒಮ್ಮೆಲೇ ಏನೂ ಬೀಳಲಿಲ್ಲ. ಆ ವರ್ಷ ಮೊದಲ ಸಲ ಅವನೇ ಊದಿದ, ಅಷ್ಟೆ. ಡಾಕ್ಟರು ಮೊದಲು ಹೇಳಿದ್ದೇ ಸರಿ. ಅವನದು ಮೂವತ್ತರಿಂದಲೇ ಇಳಿಯುತ್ತಿತ್ತು. ರಕ್ತ ಕೊಡು. ಸಿಗರೇಟು ಬಿಡು. ನನ್ನ ಎದೆ ನಿನಗೆ ಬಂದಿದೆ ಎಂದು ನೀನು ಬರೆದಿದ್ದೆ. ಅದನ್ನು ಓದಿದ ದಿನದಿಂದ ನನಗೆ ಕೊಳವೆ ಬಾಯಿಗಿಡಲಾಗುತ್ತಿಲ್ಲ.

ದೊಡ್ಡಪ್ಪ


16 ಏಪ್ರಿಲ್ 2016

ಗುಬ್ಬಿ,

ನಿನ್ನ ಉತ್ತರ ಬರುವ ಮೊದಲೇ ಇದನ್ನು ಬರೆಯಬೇಕು. ಹಿಂದಿನ ಪತ್ರದಲ್ಲಿ ಒಂದು ಸುಳ್ಳಿದೆ.

ನಿಮ್ಮಪ್ಪ ಕೈ ಮುಗಿದದ್ದು ಮೊದಲನೇ ವರ್ಷ ಮಾತ್ರ. ಮೂರನೇ ವರ್ಷ ಅವನು ಪರೀಕ್ಷೆಯ ಹಿಂದಿನ ದಿನ ಬಂದು, "ಬೇಡ ಅಣ್ಣ, ಈ ಸಲ ನಾನೇ ಊದ್ತೀನಿ. ಎಷ್ಟು ಬರುತ್ತೋ ನೋಡೋಣ. ಪ್ಯಾಕಿಂಗ್ ಆದ್ರೂ ಪರವಾಗಿಲ್ಲ" ಅಂದ. ನಾನು "ಸುಮ್ನಿರೋ, ಮನೆ ಮರ್ಯಾದೆ ತೆಗೀಬೇಡ" ಅಂದೆ. ಐದನೇ ವರ್ಷ ಮತ್ತೆ ಕೇಳಿದ. ಆಗ ನಕ್ಕುಬಿಟ್ಟೆ. ಆಮೇಲೆ ಅವನು ಕೇಳಲಿಲ್ಲ.

ನಮ್ಮ ಮನೆಯವರ ಎದೆ ಕಬ್ಬಿಣದ್ದು ಅಂತ ಇಡೀ ಕಾರ್ಖಾನೆ ಹೇಳುತ್ತಿತ್ತು. ಬೆಳಿಗ್ಗೆ ಒಂದು ತೊಂಬತ್ತಾರು, ಸಂಜೆ ಒಂದು ತೊಂಬತ್ತಾರು. ನನಗೆ ಹಿತವಾಗುತ್ತಿತ್ತು. ಅದೇ ನಿಜ. ತಮ್ಮನ ಮೇಲಿನ ಪ್ರೀತಿಯೂ ಇತ್ತು, ಅದು ಸುಳ್ಳಲ್ಲ, ಆದರೆ ಇದೂ ಇತ್ತು. ಊದಿ ಹೊರಗೆ ಬಂದು ಇಬ್ಬರೂ ಗೇಟಿನ ಹತ್ತಿರ ನಿಂತು ಒಂದೊಂದು ಸಿಗರೇಟು ಹಚ್ಚುತ್ತಿದ್ದೆವು. ನಾನೇ ಹಚ್ಚಿಕೊಡುತ್ತಿದ್ದೆ.

ಅವನು ಮೂರನೇ ವರ್ಷ ಊದಿದ್ದರೆ ಯಾರಾದರೂ ಡಾಕ್ಟರು ನೋಡುತ್ತಿದ್ದರು. ಸಿಗರೇಟು ಬಿಡು ಅನ್ನುತ್ತಿದ್ದರು. ಮೂರೋ ನಾಲ್ಕೋ ತಾನೇ, ಬಿಡುತ್ತಿದ್ದ.

ಅಂತ್ಯಕ್ರಿಯೆಗೆ ಯಾಕೆ ಬರಲಿಲ್ಲ ಅಂತ ಈಗ ನಿನಗೆ ಗೊತ್ತಾಯಿತು.

ದೊಡ್ಡಪ್ಪ


27 ಜೂನ್ 2016

ದೊಡ್ಡಪ್ಪನಿಗೆ,

ಎರಡು ಪತ್ರವೂ ಬಂದವು. ಉತ್ತರ ಬರೆಯಲು ನಾಲ್ಕು ಸಲ ಕೂತೆ. ಕ್ಷಮಿಸಿದ್ದೇನೆ ಎಂದು ಬರೆಯಲು ನೋಡಿದೆ, ಆಗಲಿಲ್ಲ. ಕ್ಷಮಿಸುವುದಿಲ್ಲ ಎಂದು ಬರೆಯಲು ನೋಡಿದೆ, ಅದೂ ಆಗಲಿಲ್ಲ. ಆದದ್ದನ್ನು ಮಾತ್ರ ಬರೆಯುತ್ತೇನೆ.

ನಿಮ್ಮ ಮೊದಲ ಪತ್ರ ಬಂದ ಮರುದಿನ ಡಾಕ್ಟರ ಹತ್ತಿರ ಹೋದೆ. ಅದನ್ನೇ ಅವರ ಕೈಗೆ ಕೊಟ್ಟೆ. ಓದಿ ನನಗೆ ತೋಳು ಮಡಚಲು ಹೇಳಿದರು. ರಕ್ತ ತೆಗೆದುಕೊಂಡರು. ಅಪ್ಪನ ರಕ್ತದ ಮಾದರಿ ಆಸ್ಪತ್ರೆಯಲ್ಲಿ ಒಂದು ಉಳಿದಿತ್ತಂತೆ, ಅದನ್ನೂ ಕಳಿಸಿದರು. ಮೊನ್ನೆ ಉತ್ತರ ಬಂತು. ಆ ಜೀನು ಎಲ್ಲರಿಗೂ ಎರಡು ಪ್ರತಿ ಇರುತ್ತದೆ, ತಾಯಿಯದೊಂದು, ತಂದೆಯದೊಂದು. ಅಪ್ಪನಿಗೆ ಎರಡೂ ಕೆಟ್ಟಿದ್ದವು. ನನಗೆ ಒಂದು ಕೆಟ್ಟಿದೆ, ಅದು ಅಪ್ಪನದು. ಇನ್ನೊಂದು ಸರಿಯಾಗಿದೆ, ಅದು ಅಮ್ಮನದು. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಮುಖವೂ ನೆನಪಿಲ್ಲ. ಇದೊಂದು ಕೊಟ್ಟು ಹೋಗಿದ್ದಾಳೆ.

"ಒಂದು ಸರಿ ಇದ್ರೆ, ಸೇದದೇ ಇದ್ರೆ, ಸಾಮಾನ್ಯವಾಗಿ ಏನೂ ಆಗಲ್ಲ. ಸೇದಿದ್ರೆ ಬೇರೆಯವರಿಗಿಂತ ನಿಮಗೆ ಜಾಸ್ತಿ ಪೆಟ್ಟು" ಅಂದರು. ನಿಮ್ಮ ಬಗ್ಗೆ ಕೇಳಿದೆ. "ಅವರಿಗೆ ಎರಡೂ ಸರಿ ಇರಬಹುದು. ಇನ್ನೂ ಎಷ್ಟೋ ಜೀನುಗಳು ಇದರಲ್ಲಿ ಕೈ ಹಾಕ್ತಾವೆ, ಎಲ್ಲ ನಮಗೂ ಗೊತ್ತಿಲ್ಲ. ಇಲ್ಲೀವರೆಗೆ ಬಚಾವಾಗಿದಾರೆ, ಅಷ್ಟೇ ಹೇಳಬಲ್ಲೆ" ಅಂದರು.

ಆಮೇಲೆ ಊದಿಸಿದರು. ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ. ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು "ಊದಿ, ಊದಿ, ಇನ್ನೂ, ಇನ್ನೂ" ಅಂತ ಕೂಗಿದಳು. ನಡುವೆ ಒಂದು ಕ್ಷಣ, ಯಾರಾದರೂ ನನ್ನ ಬದಲಿಗೆ ಊದಿದ್ದರೆ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು, ದೊಡ್ಡಪ್ಪ. ಅಪ್ಪನಿಗೆ ಮೊದಲನೇ ವರ್ಷ ಹೀಗೇ ಅನ್ನಿಸಿರಬೇಕು. ನನ್ನದು ಎಂಬತ್ತೊಂದು ಬಂತು. ಇಪ್ಪತ್ತಾರು ವರ್ಷಕ್ಕೆ ನೂರರ ಆಸುಪಾಸು ಇರಬೇಕಿತ್ತು. ಕಳೆದುಕೊಂಡದ್ದು ವಾಪಸ್ ಬರುವುದಿಲ್ಲ, ಇನ್ನು ಇಳಿಯದಂತೆ ನೋಡಿಕೊಳ್ಳಬಹುದು ಅಂದರು.

ಗೆರೆ ನೋಡುವುದು ನನ್ನ ಕೆಲಸ. ಎರಡು ಹೊಲದ ಗಡಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಥರ ಬಂದಿದ್ದರೆ, ಯಾರೋ ಒಂದನ್ನು ನೋಡಿ ಇನ್ನೊಂದು ಬರೆದಿದ್ದಾರೆ, ಅಳತೆಗೆ ಹೋಗೇ ಇಲ್ಲ ಅಂತ ಅಲ್ಲೇ ಹಿಡಿಯುತ್ತಿದ್ದೆ. ನಿಮ್ಮಿಬ್ಬರದು ನೋಡಿ ನಕ್ಕೆ.

ಒಂದು ಮಾತು ನಿಮಗೆ ಗೊತ್ತಿರಲಿ. ಆ ಇಪ್ಪತ್ತೊಂಬತ್ತು ಬಂದಮೇಲೆ ಅಪ್ಪನನ್ನು ಪ್ಯಾಕಿಂಗ್ ಕೋಣೆಗೆ ಹಾಕಿದರು, ಅಲ್ಲಿ ಅವರಿಗೆ ಅಂಥ ದುಃಖವೇನೂ ಇರಲಿಲ್ಲ. ಹಾಸಿಗೆ ಹಿಡಿಯುವವರೆಗೆ, ಆ ಆರು ತಿಂಗಳು, ಮನೆಗೆ ಬಂದು ಚೆನ್ನಾಗಿ ಮಾತಾಡುತ್ತಿದ್ದರು. "ಇವತ್ತು ಇನ್ನೂರು ಫ್ಲಾಸ್ಕು ಸುತ್ತಿದೆ, ಒಂದೂ ಒಡೀಲಿಲ್ಲ" ಅನ್ನುತ್ತಿದ್ದರು. ಆಗಲೇ ಸಿಗರೇಟೂ ಬಿಟ್ಟಿದ್ದರು. ಯಾರೂ ಬಿಡು ಅಂದಿರಲಿಲ್ಲ.

ಇದನ್ನು ನಿಮಗೆ ನೋವಾಗಲಿ ಅಂತ ಬರೆಯುತ್ತಿದ್ದೇನೋ, ಸಮಾಧಾನವಾಗಲಿ ಅಂತ ಬರೆಯುತ್ತಿದ್ದೇನೋ ನನಗೇ ಗೊತ್ತಾಗುತ್ತಿಲ್ಲ.

ನಾನು ಬಿಟ್ಟು ಹನ್ನೊಂದು ದಿನವಾಯಿತು. ಪತ್ರ ಓದಿದ ಕೂಡಲೇ ಬಿಡಲಿಲ್ಲ. ಓದಿ ಎರಡು ಸೇದಿದೆ. ಆಮೇಲೂ ಎರಡು ತಿಂಗಳು ಸೇದಿದೆ. ಈಗ ಮಧ್ಯಾಹ್ನ ಎಲ್ಲರೂ ಹಿಂದಿನ ಮೆಟ್ಟಿಲಿಗೆ ಹೋದಾಗ ನಾನು ಮೇಜಿನ ಹತ್ತಿರವೇ ಕೂತು ಪೆನ್ಸಿಲ್ ಕೆತ್ತುತ್ತೇನೆ. ಕಚೇರಿಯ ಅಷ್ಟೂ ಪೆನ್ಸಿಲ್ ಮೊನಚಾಗಿವೆ.

ನಿಮ್ಮ 41 ಇದರ ಜೊತೆ ಕಳಿಸಿದ್ದೇನೆ. ಅಪ್ಪನದು ನನಗೆ ಕಳಿಸಿ.

ಗುಬ್ಬಿ


11 ಜುಲೈ 2016

ಗುಬ್ಬಿ,

42 ಒಳಗಿದೆ. ಉಜ್ಜಿಲ್ಲ, ಹೇಗಿತ್ತೋ ಹಾಗೇ ಕಳಿಸುತ್ತಿದ್ದೇನೆ. ಹಿಂದೆ ಪಿನ್ನು ಸಡಿಲವಿದೆ, ಬೆರಳಿಗೆ ಚುಚ್ಚೀತು, ಹುಷಾರು.

ಸಿಗರೇಟು ಬಿಟ್ಟೆ ಅಂತ ಬರೆಯಬಹುದು. ನೀನು ನಂಬಬೇಡ. ಇನ್ನೂ ಪೂರ್ತಿ ಆಗಿಲ್ಲ.

ಪ್ಯಾಕಿಂಗ್ ಕೋಣೆಯ ವಿಷಯ ಎರಡು ಸಲ ಓದಿದೆ. ನನಗೆ ಅವನು ಒಂದು ದಿನವೂ ಅದನ್ನು ಬರೆಯಲಿಲ್ಲ. ನಾನೂ ಕೇಳಲಿಲ್ಲ.

ನೀನು ಕ್ಷಮಿಸುವುದು ಬೇಡ. ವರ್ಷಕ್ಕೊಮ್ಮೆ ಊದಿದಾಗ ಅಂಕೆ ಮಾತ್ರ ಬರೆ. ಇಷ್ಟವಿದ್ದರೆ.

ದೊಡ್ಡಪ್ಪ


30 ಜೂನ್ 2017

ದೊಡ್ಡಪ್ಪನಿಗೆ,

ಕಾಗದ ಒಳಗಿದೆ. ಕೊನೆಯಲ್ಲಿ ತಡೆ ಇಲ್ಲ, ನೋಡಿ. ನನಗೆ ಗಾಜು ಊದಿ ಅಭ್ಯಾಸವಿಲ್ಲ. ಗೆರೆ ಸೀದಾ ಇಳಿದು ಹೋಗುತ್ತದೆ.

42ನ್ನು ಅಂಗಿಯ ಒಳಗೆ ಸಿಗಿಸಿಕೊಂಡು ಹೋಗಿದ್ದೆ. ಯಾರಿಗೂ ಕಾಣಲಿಲ್ಲ.

ಹೋದ ವರ್ಷ ಎಂಬತ್ತೊಂದು. ಈ ವರ್ಷವೂ ಎಂಬತ್ತೊಂದು. ನಾನೇ ಊದಿದ್ದು.

ಗುಬ್ಬಿ